ನಾಲ್ಕು ಡಿವಿಡಿ ರೈಟರುಗಳ ನಾಮಕರಣ

ನನ್ನನ್ನು ಯಾರಿಗಾದರೂ ‘ರಿಟೈರ್ಡ್’ ಎಂದು ಪರಿಚಯಿಸಿದರೆ ಅವರು ಮೊದಲು ನೋಡುವುದು ನನ್ನ ತಲೆಗೂದಲನ್ನು. ಅದಿನ್ನೂ ಕಪ್ಪಗಿದೆ, ಬಣ್ಣ ಹಾಕಿಲ್ಲ. ಆಮೇಲೆ ಮೊಣಕಾಲು ನೋಡುತ್ತಾರೆ. ಅದೂ ಸರಿಯಿದೆ. ನಿಜ ಹೇಳಬೇಕೆಂದರೆ ನಾನು ನಿವೃತ್ತನಾಗಲಿಲ್ಲ, ನನ್ನ ಕೆಲಸ ನಿವೃತ್ತವಾಯಿತು. ಸಿಡಿ, ಡಿವಿಡಿ ಬರೆಯುವ ಸಾಫ್ಟ್‌ವೇರ್ ಇತ್ತಲ್ಲ, ಅದರ ಪರದೆಯ ಮೇಲೆ ಕಾಣುವ ಮಾತುಗಳನ್ನು ಬರೆಯುತ್ತಿದ್ದವನು ನಾನು. ಜನ ತಮ್ಮ ಹಾಡು, ಸಿನೆಮಾ, ಮದುವೆ ಎಲ್ಲವನ್ನೂ ಫೋನಿಗೆ ತುಂಬಿಕೊಂಡ ಮೇಲೆ ಡಿಸ್ಕು ಹೋಯಿತು. ಅದರ ಹಿಂದೆಯೇ ನಾನೂ ಹೋದೆ.

ಈಗ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಬಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ. ಐರೋಲಿಯ ಕಂಪನಿಗಳಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಭಾನುವಾರ ದೋಸೆಗೆ ಬರುತ್ತಾರೆ. ಜನರಿಗೆ ಅರ್ಥವಾಗುವ ಹಾಗೆ ಪರದೆ ಮಾಡುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಚರ್ಚಿಸುತ್ತಾರೆ, ದೋಸೆ ಆರಲು ಬಿಡುತ್ತಾರೆ. ನಡುವೆ ಬಾಯಿ ಹಾಕಿದರೆ ‘ಅಂಕಲ್, ನಿಮಗೆ ಇದೆಲ್ಲ ಗೊತ್ತಾ?’ ಎನ್ನುತ್ತಾರೆ. ಅಂಕಲ್! ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಇದರಲ್ಲಿಲ್ಲ. ಆಗಿದ್ದರೆ ತಾನೆ.

ನಮ್ಮ ಕಂಪನಿ ಇದ್ದದ್ದು ಬೇಲಾಪುರದಲ್ಲಿ, ಸರಕಾರಿ ಕಚೇರಿಗಳ ನಡುವೆ ತಪ್ಪಿ ಹುಟ್ಟಿದಂತಿದ್ದ ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ. ಯಜಮಾನರು ಮೂರ್ತಿ ಸರ್, ಮೈಸೂರಿನವರು. ಒಳ್ಳೆಯ ಬ್ಯಾಂಕಿನ ಕೆಲಸ ಬಿಟ್ಟು ಈ ಸಾಹಸಕ್ಕೆ ಇಳಿದಿದ್ದರು. ಪ್ರೋಗ್ರಾಮ್ ಬರೆಯುವುದು ಅವರೇ, ಚಹಾಕ್ಕೆ ಹೇಳುವುದೂ ಅವರೇ. ಸಂದರ್ಶನದಲ್ಲಿ ನನ್ನ ಮಾರ್ಕ್ಸ್ ಕಾರ್ಡನ್ನು ಬಹಳ ಹೊತ್ತು ನೋಡಿ ಕೇಳಿದರು:

“ಏನಯ್ಯಾ ಇದು, ಕಂಪ್ಯೂಟರ್ ಬಿಟ್ಟು ಮಿಕ್ಕಿದ್ದರಲ್ಲೆಲ್ಲಾ ಪಾಸಾಗಿದೀಯಾ?”

“ಹೌದು ಸಾರ್.”

“ಒಳ್ಳೇದಾಯ್ತು. ಕಂಪ್ಯೂಟರ್ ಗೊತ್ತಿರೋನು ನಾನೊಬ್ಬ ಇದೀನಿ. ಗೊತ್ತಿಲ್ದೋನು ಒಬ್ಬ ಬೇಕಾಗಿತ್ತು.”

ಹೀಗೆ ನನ್ನ ಅಜ್ಞಾನಕ್ಕೆ ತಿಂಗಳ ಸಂಬಳ ಶುರುವಾಯಿತು. ನನಗೆ ಅರ್ಥವಾದರೆ ಗಿರಾಕಿಗೂ ಅರ್ಥವಾಗುತ್ತದೆ ಎಂಬುದು ಮೂರ್ತಿ ಸರ್ ಸಿದ್ಧಾಂತ. ನಾನು ಆ ಹುದ್ದೆಗೆ ಎಷ್ಟು ಯೋಗ್ಯನಾಗಿದ್ದೆ ಎಂದರೆ, ಮೊದಲ ದಿನವೇ ಡಿಸ್ಕನ್ನು ಮಗುಚಿ ಹಾಕಿ, ‘ಖಾಲಿ ಡಿಸ್ಕ್ ಹಾಕಿ’ ಎಂದು ಯಂತ್ರ ಹೇಳಿದಾಗಲೆಲ್ಲ ಇನ್ನೊಂದನ್ನು ಮಗುಚಿ ಹಾಕಿ, ಇಡೀ ಡಬ್ಬಿ ಮುಗಿಸಿದೆ.

ನಮ್ಮ ಗಿರಾಕಿಗಳು ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರು. ಅವರಲ್ಲಿ ದೊಡ್ಡವರು ಕಲ್ಯಾಣದ ಗಾಯಕವಾಡ್. ಎಲ್ಲರೂ ಅವರನ್ನು ಭಾಊ, ಅಂದರೆ ಅಣ್ಣ, ಎನ್ನುತ್ತಿದ್ದರು. ಕಲ್ಯಾಣ, ಉಲ್ಹಾಸನಗರ, ಅಂಬರನಾಥದ ಉಳಿದ ಸ್ಟುಡಿಯೋದವರು ಭಾಊ ಯಾವ ಕ್ಯಾಮೆರಾ ಕೊಂಡರೆ ಅದನ್ನೇ ಕೊಳ್ಳುವವರು. ಭಾಊ ನಮ್ಮ ಸಾಫ್ಟ್‌ವೇರ್ ಹಾಕಿಸಿದ್ದರಿಂದ ಅವರೂ ಹಾಕಿಸಿದ್ದರು. ಅಂದರೆ ಭಾಊ ನಮ್ಮನ್ನು ತೆಗೆದು ಹೊರಗಿಟ್ಟ ದಿನ ಬೇಲಾಪುರದಲ್ಲಿ ನಾವು ಶಟರ್ ಎಳೆಯಬೇಕಿತ್ತು. ಭಾಊ ಮಾತಾಡುತ್ತಿದ್ದದ್ದು ಮರಾಠಿಯಲ್ಲಿ, ಸಿಟ್ಟು ಬಂದರೆ ಹಿಂದಿಯಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳಗಳನ್ನು ಮಾತ್ರ ಬಿಟ್ಟಿದ್ದೇನೆ, ಇಲ್ಲದಿದ್ದರೆ ಈ ಬರಹ ಎರಡು ಪಟ್ಟು ಆಗುತ್ತಿತ್ತು.

ಭಾಊ ಹತ್ತಿರ ಒಂದು ಟವರ್ ಇತ್ತು, ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ನಾಲ್ಕು ಡಿವಿಡಿ ರೈಟರ್. ಒಂದರಲ್ಲಿ ಮದುವೆಯ ಮಾಸ್ಟರ್ ಡಿಸ್ಕ್ ಹಾಕಿ, ಇನ್ನೊಂದರಲ್ಲಿ ಖಾಲಿ ಡಿಸ್ಕ್ ಹಾಕಿ ನಕಲು ತೆಗೆಯುವುದು ಕೆಲಸ. ಅದನ್ನು ನಡೆಸುತ್ತಿದ್ದವರು ಭಾಊ ಅವರ ನಾದಿನಿ ಸುನಂದಾತಾಯಿ (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ). ತೊಂದರೆ ಏನೆಂದರೆ, ಯಾವುದರಿಂದ ಯಾವುದಕ್ಕೆ ಎಂದು ಆರಿಸುವ ಪಟ್ಟಿಯಲ್ಲಿ ನಾಲ್ಕೂ ರೈಟರುಗಳ ಹೆಸರು ಒಂದೇ. ಕಾರ್ಖಾನೆಯವರು ಇಟ್ಟ ಹೆಸರು: ‘ಎಕ್ಸ್‌ಟಿ-ಆರ್‌ಡಬ್ಲ್ಯೂ 4163ಬಿ’. ಕೆಳಗೆ ಮತ್ತೆ ಅದೇ. ಅದರ ಕೆಳಗೆ ಮತ್ತೆ ಅದೇ. ಸುನಂದಾತಾಯಿ ಹಣೆಗೆ ಹಚ್ಚುವ ಟಿಕ್ಲಿ ತಂದು ಒಂದೊಂದು ರೈಟರಿಗೆ ಒಂದೊಂದು ಬಣ್ಣದ್ದು ಅಂಟಿಸಿದ್ದರು. ಪೆಟ್ಟಿಗೆ ಮುತ್ತೈದೆಯ ಹಾಗೆ ಕಾಣುತ್ತಿತ್ತು. ಆದರೆ ಪರದೆಯಲ್ಲಿ ಟಿಕ್ಲಿ ಎಲ್ಲಿಂದ ಬರಬೇಕು?

“ನಾಲ್ಕು ಜನ ನಿಂತಿದ್ದಾರೆ, ನಾಲ್ಕೂ ಜನ ಪಾಟೀಲ್,” ಎಂದರು ಸುನಂದಾತಾಯಿ. “ನಾನು ಪಾಟೀಲ್ ಅಂತ ಕರೆದರೆ ಯಾರು ಬರಬೇಕು, ಸಾಂಗ್.”

ಹೇಳು ಎಂದರೆ ನಾನೇನು ಹೇಳಲಿ. ಬೇಲಾಪುರಕ್ಕೆ ಬಂದು ಮೂರ್ತಿ ಸರ್‌ಗೆ ಹೇಳಿದೆ. “ಹೆಸರು ಹಾಕೋದು ನಿನ್ನ ಡಿಪಾರ್ಟ್‌ಮೆಂಟ್ ಕಣಯ್ಯಾ,” ಎಂದು ಅವರು ಕೈ ತೊಳೆದುಕೊಂಡರು.

ಮೊದಲ ಪ್ರಯತ್ನ: ಒಂದು, ಎರಡು, ಮೂರು, ನಾಲ್ಕು. ನನ್ನ ಜೀವಮಾನದ ಅತ್ಯಂತ ಸುಲಭದ ಕೆಲಸ ಎಂದುಕೊಂಡು ಆ ದಿನ ಬೇಗ ಮನೆಗೆ ಹೋದೆ. ನಾನು ಮೇಲಿನಿಂದ ಎಣಿಸಿದ್ದೆ, ಸುನಂದಾತಾಯಿ ಕೆಳಗಿನಿಂದ ಎಣಿಸಿದರು. “ಯಾವ ಬಿಲ್ಡಿಂಗ್‌ನಲ್ಲಿ ಮೊದಲ ಮಾಳಿಗೆ ಎಲ್ಲಕ್ಕಿಂತ ಮೇಲಿರುತ್ತದೆ ರೇ?” ಎಂದು ಅವರು ಕೇಳಿದರು.

ಎರಡನೆಯದು: ‘ಎಲ್ಲಕ್ಕಿಂತ ಮೇಲಿನದು’, ‘ಎಲ್ಲಕ್ಕಿಂತ ಕೆಳಗಿನದು’. ಇದಂತೂ ತಪ್ಪುವುದೇ ಸಾಧ್ಯವಿಲ್ಲ ಎಂದು ಎದೆಯುಬ್ಬಿಸಿ ಕಲ್ಯಾಣಕ್ಕೆ ಹೋದೆ. ಭಾಊ ಆ ವಾರ ಟವರನ್ನು ಅಡ್ಡ ಮಲಗಿಸಿದ್ದರು. ಅದರ ಬೆನ್ನು ಬೆಚ್ಚಗಿರುವುದರಿಂದ ಟಿಫಿನ್ ಡಬ್ಬಿ ಇಡಲು ಅನುಕೂಲವಂತೆ. ಮೇಲೂ ಇಲ್ಲ, ಕೆಳಗೂ ಇಲ್ಲ, ಬರೀ ಬದನೆಕಾಯಿ ಪಲ್ಯದ ವಾಸನೆ.

ಆಗ ಹೊಳೆದದ್ದು, ಹೆಸರು ಇಡುವ ಅಧಿಕಾರವನ್ನೇ ಗಿರಾಕಿಗೆ ಕೊಟ್ಟುಬಿಡೋಣ ಎಂದು. ಒಂದು ಖಾಲಿ ಜಾಗ ಕೊಡುವುದು, ಅವರು ಬೇಕಾದ ಹೆಸರು ಹಾಕಿಕೊಳ್ಳುವುದು. ಮೂರ್ತಿ ಸರ್ ಅಷ್ಟು ಮಾಡಿಕೊಟ್ಟರು. ಪರೀಕ್ಷೆ ಮಾಡಿ ನೋಡಲು ನನಗೆ ನಾಲ್ಕು ಹೆಸರು ಬೇಕಿತ್ತು. ಥಟ್ಟನೆ ನೆನಪಾದದ್ದು ನಮ್ಮ ನೆಂಟರು.

ಇಲ್ಲೊಂದು ಮಾತು ಹೇಳಬೇಕು. ಉಡುಪಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥ ಮನೆಗಳಲ್ಲಿ ನೆಂಟರನ್ನು ಯಾರೂ ಹೆಸರಿನಿಂದ ಕರೆಯುವುದಿಲ್ಲ, ರೈಲ್ವೆ ಸ್ಟೇಷನ್ನಿನಿಂದ ಕರೆಯುತ್ತೇವೆ. ಬದಲಾಪುರ ಮಾವ, ಕಲ್ಯಾಣ ಅತ್ತೆ, ಬೇಲಾಪುರ ಬಾವ, ಶಹಾಡ್ ಚಿಕ್ಕಮ್ಮ. ನನ್ನ ಅಮ್ಮನ ಬಾಯಲ್ಲಿ ನಮ್ಮ ಕುಟುಂಬದ ಸುದ್ದಿ ಕೇಳಿದರೆ ಹೊರಗಿನವರಿಗೆ ಲೋಕಲ್ ಗಾಡಿಯ ಅನೌನ್ಸ್‌ಮೆಂಟ್ ಕೇಳಿದ ಹಾಗಾಗುತ್ತದೆ. ಆ ನಾಲ್ಕು ಹೆಸರು ಹಾಕಿದೆ, ಕೆಲಸ ಮಾಡಿತು, ಸಂತೋಷದಲ್ಲಿ ಹಾಗೇ ಸಿಡಿ ಮಾಡಿ ಕಳಿಸಿಬಿಟ್ಟೆ. ಹೆಸರು ಅಳಿಸುವುದು ಮರೆತೇ ಹೋಯಿತು. ಮರುದಿನ ಇಡೀ ಕಲ್ಯಾಣ–ಉಲ್ಹಾಸನಗರದ ಸ್ಟುಡಿಯೋಗಳಲ್ಲಿ ನಮ್ಮ ನೆಂಟರು ಹಾಜರಾಗಿದ್ದರು.

ಭಾಊ ಫೋನ್ ಬಂತು. ನಾನು ಕಿವಿಯಿಂದ ಒಂದು ಮೊಳ ದೂರ ಹಿಡಿದೆ.

“ದಿನ್ಯಾ, ಈ ಚಿಕ್ಕಮ್ಮ ಅಂದರೆ ಯಾರು?”

“ಮಾವಶಿ, ಭಾಊ. ನನ್ನ ಮಾವಶಿ. ಕ್ಷಮಿಸಿ, ಈಗಲೇ ಬಂದು ಅಳಿಸ್ತೇನೆ.”

“ಖಬರ್‌ದಾರ್ ಅಳಿಸಿದರೆ! ಸುನಂದಾ ಬೆಳಗ್ಗಿಂದ ಒಂದೂ ತಪ್ಪು ಮಾಡಿಲ್ಲ. ‘ಚಿಕ್ಕಮ್ಮನಿಂದ ಅತ್ತೆಗೆ, ಮಾವನಿಂದ ಬಾವನಿಗೆ’ ಅಂತ ಹಾಡು ಹೇಳ್ಕೊಂಡು ಡಿಸ್ಕ್ ತೆಗೀತಿದ್ದಾಳೆ.”

ಸುನಂದಾತಾಯಿ ಟಿಕ್ಲಿ ಕಿತ್ತು, ಚೀಟಿಯಲ್ಲಿ ನಾಲ್ಕು ಹೆಸರು ಬರೆದು ನಾಲ್ಕು ರೈಟರುಗಳ ಮೂತಿಗೆ ಅಂಟಿಸಿದರು. ಮೂರ್ತಿ ಸರ್ ಎಲ್ಲರಿಗೂ ಕಟಿಂಗ್ ಚಹಾ ಕೊಡಿಸಿದರು. ನಾನು ಡೊಂಬಿವಲಿಗೆ ಬರುವ ಗಾಡಿಯಲ್ಲಿ ಬಾಗಿಲಲ್ಲಿ ನಿಂತು, ಜಗತ್ತಿಗೆ ಹೆಸರಿಟ್ಟವನ ಗತ್ತಿನಲ್ಲಿ ಗಾಳಿ ಕುಡಿದೆ.

ಆ ಗತ್ತಿನಲ್ಲೇ ಒಂದು ದೊಡ್ಡಸ್ತಿಕೆ ಮಾಡಿದೆ. ಶಹಾಡ್ ಚಿಕ್ಕಮ್ಮನ ಮಗಳು ಶುಭಾಳ ಮದುವೆ ನಿಶ್ಚಯವಾದಾಗ, “ವಿಡಿಯೋ ನಮ್ಮ ಗಾಯಕವಾಡ್ ಭಾಊ ಅವರದ್ದೇ. ನಿಮ್ಮ ಹೆಸರಿನ ಮಷೀನಿನಲ್ಲೇ ಡಿಸ್ಕ್ ಬರ್ತದೆ ಚಿಕ್ಕಮ್ಮ,” ಎಂದು ಒಪ್ಪಿಸಿದೆ. ಮದುವೆ ಚೆನ್ನಾಗಿ ಆಯಿತು. ಆಮೇಲೆ ಚಿಕ್ಕಮ್ಮನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೀಗರೆಲ್ಲ ಬಂದಿದ್ದರು. ಬಂದವರಿಗೆ ಪ್ರಸಾದದ ಜೊತೆ ಒಂದೊಂದು ಡಿಸ್ಕ್, ಮೇಲೆ ವಧೂವರರ ಫೋಟೋ. ಊಟವಾದ ಮೇಲೆ ಬೀಗಿತ್ತಿ, “ಒಮ್ಮೆ ಹಾಕಿ, ಧಾರೆ ನೋಡುವ,” ಎಂದರು. ಚಿಕ್ಕಮ್ಮ ನನ್ನನ್ನೇ ಕರೆದು ಹಾಕಲು ಹೇಳಿದರು. ನಾನು ಮದುಮಗನಿಗಿಂತ ಜೋರಾಗಿ ಎದ್ದು ಹೋಗಿ ಹಾಕಿದೆ.

ಟಿವಿಯಲ್ಲಿ ಬಂದವರು ಮೈಗೆಲ್ಲ ಎಣ್ಣೆ ಬಳಿದುಕೊಂಡ, ಸಣ್ಣ ಚಡ್ಡಿ ಹಾಕಿದ ಗಂಡಸರು. ಕಲ್ಯಾಣದ ಯಾವುದೋ ವ್ಯಾಯಾಮ ಶಾಲೆಯ ದೇಹದಾರ್ಢ್ಯ ಸ್ಪರ್ಧೆ. ಒಬ್ಬ ಮುಂದೆ ಬಂದು ಎದೆಯ ಎಡಭಾಗ ಕುಣಿಸಿದ, ಆಮೇಲೆ ಬಲಭಾಗ. ಬೀಗಿತ್ತಿ ಸೆರಗಿನಿಂದ ಮುಖ ಮುಚ್ಚಿಕೊಂಡರು, ಆದರೆ ಸೆರಗು ತೆಳುವಾಗಿತ್ತು. ನಾನು ರಿಮೋಟಿನ ಎಲ್ಲ ಗುಂಡಿ ಒತ್ತಿದೆ. ನಿಲ್ಲಬೇಕಾದದ್ದು ನಿಧಾನಗತಿಗೆ ಹೋಯಿತು.

“ದಿನೇಶ,” ಎಂದರು ಚಿಕ್ಕಮ್ಮ ಮೆಲ್ಲಗೆ, “ಇದರಲ್ಲಿ ನಮ್ಮ ಅಳಿಯ ಯಾರು ಮಾರಾಯಾ?”

ಅತ್ತ ವ್ಯಾಯಾಮ ಶಾಲೆಯವರಿಗೆ ಶುಭಾಳ ಮದುವೆ ಹೋಗಿತ್ತು. ಅವರು ಪೂರ್ತಿ ನೋಡಿದರಂತೆ. ಹೆಣ್ಣು ಒಪ್ಪಿಸುವಾಗ ಒಬ್ಬಿಬ್ಬರು ಕಣ್ಣೊರೆಸಿಕೊಂಡರಂತೆ.

ಆದದ್ದು ಇಷ್ಟು. ಭಾಊ ಟವರ್ ಬಿಚ್ಚಿಸಿ ಧೂಳು ಹೊಡೆಸಿದ್ದರು. ಶುಚಿ ಮಾಡಿದವನು ಮಾವನ ಕೇಬಲನ್ನು ಚಿಕ್ಕಮ್ಮನಿಗೂ ಚಿಕ್ಕಮ್ಮನದನ್ನು ಮಾವನಿಗೂ ಸಿಕ್ಕಿಸಿದ್ದ. ನಮ್ಮ ಸಾಫ್ಟ್‌ವೇರ್ ಹೆಸರನ್ನು ಕಟ್ಟಿದ್ದದ್ದು ಕೇಬಲಿಗೆ. ಚೀಟಿ ರೈಟರಿನ ಮೂತಿಯಲ್ಲೇ ಉಳಿಯಿತು, ಪರದೆಯ ಹೆಸರು ಕೇಬಲಿನ ಜೊತೆ ಪಕ್ಕದ ಮನೆಗೆ ಹೋಯಿತು. ಸುನಂದಾತಾಯಿ ಮದುವೆಯನ್ನು ಚಿಕ್ಕಮ್ಮನೊಳಗೆ ಹಾಕಿ, ‘ಚಿಕ್ಕಮ್ಮ’ ಎಂದು ಆರಿಸಿದರೆ ಯಂತ್ರ ಮಾವನೊಳಗಿದ್ದ ಪೈಲ್ವಾನರನ್ನು ನಕಲು ಮಾಡಿತು.

ಭಾಊ ಬೇಲಾಪುರಕ್ಕೇ ಬಂದರು. ಆ ದಿನ ಪೂರ್ತಿ ಹಿಂದಿ. ಸಾರಾಂಶ: ಮುಂದಿನ ಲಗ್ನದ ಸೀಸನ್ನಿನೊಳಗೆ ಇದು ಸರಿಯಾಗಬೇಕು, ತಾನೇ ಕೈಯಾರೆ ಕೇಬಲ್ ಅದಲು ಬದಲು ಮಾಡಿ ನೋಡುತ್ತೇನೆ, ಒಂದು ಹೆಸರು ತಪ್ಪಿದರೂ ನಿಮ್ಮ ಸಾಫ್ಟ್‌ವೇರ್ ಖಾಡಿಯ ಉಪ್ಪುನೀರಿಗೆ. ಅವರು ಹೋದ ಮೇಲೆ ಮೂರ್ತಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬ್ಯಾಂಕ್ ಬಿಡಬೇಡಿ ಅಂತ ನಮ್ಮ ಮಾವ ಬಡ್ಕೊಂಡ್ರು ಕಣಯ್ಯಾ. ಇದು ಮುಚ್ಚಿದ್ರೆ ನಾನು ಮೈಸೂರಿಗೆ ಹೋಗಿ ಅವರ ಮುಂದೆ ನಿಂತ್ಕೋಬೇಕು. ಅವರು ಏನೂ ಅನ್ನಲ್ಲ. ಸುಮ್ನೆ ಕಾಫಿ ಕೊಡ್ತಾರೆ. ಆ ಕಾಫಿ ಕುಡಿಯೋಕ್ಕಾಗಲ್ಲ ನನಗೆ.”

ನಾನು ಆ ಕನ್ನಡಕವನ್ನು ಅಂಗಿಯ ಅಂಚಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟೆ.

ಉತ್ತರ ಬಂದದ್ದು ಶಹಾಡ್ ಸ್ಟೇಷನ್ನಿನಿಂದ. ಭಾಊ ಬೈದರೂ ಮರ್ಯಾದಸ್ಥರು. ಸರಿಯಾದ ಡಿಸ್ಕುಗಳನ್ನೂ ಒಂದು ಡಬ್ಬಿ ಪೇಡೆಯನ್ನೂ ಹಿಡಿದು ಚಿಕ್ಕಮ್ಮನ ಬಳಿ ಸ್ವತಃ ಕ್ಷಮೆ ಕೇಳಲು ಹೊರಟಿದ್ದರು, ನನಗೆ ಹೇಳದೆ. ಮಧ್ಯಾಹ್ನ ಫೋನ್ ಬಂತು.

“ದಿನ್ಯಾ! ಶಹಾಡ್‌ನಲ್ಲಿ ಯಾರಿಗೂ ಚಿಕ್ಕಮ್ಮ ಗೊತ್ತಿಲ್ಲ! ಫ್ಯಾಕ್ಟರಿ ಗೇಟಿನಲ್ಲೂ ಕೇಳಿದೆ!”

“ಶಹಾಡ್‌ಗೆ ಯಾಕೆ ಹೋದಿರಿ ಭಾಊ? ಅವರು ಇರೋದು ಬದಲಾಪುರದಲ್ಲಿ.”

ಈ ಕಡೆಯವರಿಗೆ ಗೊತ್ತು, ಕಲ್ಯಾಣದಲ್ಲಿ ಹಳಿ ಎರಡಾಗಿ ಒಡೆಯುತ್ತದೆ. ಶಹಾಡ್ ಒಂದು ಕಡೆ, ಬದಲಾಪುರ ಇನ್ನೊಂದು ಕಡೆ. ಭಾಊ ವಾಪಸು ಬಂದು ಬೇರೆ ಗಾಡಿ ಹಿಡಿಯಬೇಕಿತ್ತು.

“ಬದಲಾಪುರದಲ್ಲಿ ಇರೋಳನ್ನ ಶಹಾಡ್ ಅಂತ ಯಾಕೆ ಕರೀತೀರೋ?”

“ಮೊದಲು ಶಹಾಡ್‌ನಲ್ಲಿದ್ದರು. ಮನೆ ಬದಲಿಸಿ ಎಷ್ಟೋ ವರ್ಷ ಆಯ್ತು.”

“ಹಾಗಾದ್ರೆ ಬದಲಾಪುರ ಮಾವ?”

“ಅವರು ಈಗ ಠಾಣೆಯಲ್ಲಿದ್ದಾರೆ.”

“ಅರೆ, ನಿಮ್ಮ ಮನೆಯವರೆಲ್ಲ ಹುಚ್ಚರೇನೋ? ಯಾರೂ ತಪ್ಪಿ ಹೋಗಲ್ವಾ?”

“ಇಲ್ಲ ಭಾಊ. ಶಹಾಡ್ ಚಿಕ್ಕಮ್ಮ ಅಂದ್ರೆ ಶಹಾಡ್ ಅಲ್ಲ, ಚಿಕ್ಕಮ್ಮ. ಅವರು ಎಲ್ಲಿಗೆ ಹೋದರೂ ಹೆಸರು ಅವರ ಜೊತೆ...”

ಮಾತು ಅರ್ಧಕ್ಕೆ ನಿಂತಿತು. ನಮ್ಮ ಅಮ್ಮ, ಅಜ್ಜಿ, ಅತ್ತೆಯಂದಿರೆಲ್ಲ ಸರಿಯಾಗಿ ಮಾಡುತ್ತಿದ್ದದ್ದನ್ನು ನಾನೊಬ್ಬ ಸಂಬಳ ತೆಗೆದುಕೊಂಡು ತಲೆಕೆಳಗು ಮಾಡಿದ್ದೆ. ಅವರು ಹೆಸರನ್ನು ಮನುಷ್ಯನಿಗೆ ಕಟ್ಟಿದ್ದರು, ನಾನು ಮನೆಗೆ ಕಟ್ಟಿದ್ದೆ. ಫೋನ್ ಕೈಯಲ್ಲೇ ಹಿಡಿದು “ಸಾರ್!” ಎಂದು ಕೂಗಿದ್ದಕ್ಕೆ ಕೆಳಗಿನ ಸರಕಾರಿ ಕಚೇರಿಯಿಂದ ಒಬ್ಬರು ಕಿಟಕಿಯಲ್ಲಿ ತಲೆ ಹಾಕಿದರು.

ಮೂರ್ತಿ ಸರ್ ಪೂರ್ತಿ ಕೇಳಲಿಲ್ಲ, ಅರ್ಧದಲ್ಲೇ ಕೀಬೋರ್ಡ್ ಎಳೆದುಕೊಂಡರು. ಪ್ರತಿ ರೈಟರಿನ ಹೊಟ್ಟೆಯೊಳಗೆ ಅದರದ್ದೇ ಒಂದು ಸಂಖ್ಯೆ ಇರುತ್ತದೆ, ಕೇಳಿದರೆ ಹೇಳುತ್ತದೆ. ಅಲ್ಲಿಯವರೆಗೆ ನಾವು ಕೇಳಿರಲಿಲ್ಲ ಅಷ್ಟೆ. ಈಗ ಹೆಸರನ್ನು ಆ ಸಂಖ್ಯೆಗೆ ಕಟ್ಟಿದರು. ನಾನು ನನ್ನ ಕಡೆಯಿಂದ ಎರಡು ಸೇರಿಸಿದೆ. ಒಂದು, ಪ್ರತಿ ಹೆಸರಿನ ಪಕ್ಕ ‘ಕರೆಯಿರಿ’ ಎಂಬ ಗುಂಡಿ. ಒತ್ತಿದರೆ ಆ ರೈಟರ್ ತನ್ನ ಟ್ರೇ ಹೊರಗೆ ಚಾಚಿ, ನಾನಿಲ್ಲಿದ್ದೇನೆ ಎನ್ನಬೇಕು. ಇನ್ನೊಂದು, ಗುರುತಿಲ್ಲದ ರೈಟರ್ ಸಿಕ್ಕಿಸಿದರೆ ‘ಅಪರಿಚಿತ ಸಾಧನ ಪತ್ತೆಯಾಗಿದೆ’ ಎಂದು ಪೊಲೀಸರ ಹಾಗೆ ಹೇಳುವ ಬದಲು, ‘ಹೊಸಬರು ಬಂದಿದ್ದಾರೆ. ಏನೆಂದು ಕರೆಯೋಣ?’ ಎಂದು ಕೇಳುವುದು. ಇದನ್ನು ಓದಿ ಮೂರ್ತಿ ಸರ್ ಮೊದಲ ಸಲ ನನ್ನ ಬೆನ್ನು ತಟ್ಟಿದರು. ಜೋರಾಗಿಯೇ ತಟ್ಟಿದರು, ಚಹಾ ಚೆಲ್ಲಿತು.

ಪರೀಕ್ಷೆಯ ದಿನ ಕಲ್ಯಾಣದ ಸ್ಟುಡಿಯೋ ತುಂಬಿತ್ತು. ಭಾಊ ಅಕ್ಕಪಕ್ಕದ ಊರಿನ ಸ್ಟುಡಿಯೋದವರನ್ನೆಲ್ಲ ಕರೆದಿದ್ದರು. ಗೆದ್ದರೂ ಎಲ್ಲರೆದುರು, ಸೋತರೂ ಎಲ್ಲರೆದುರು. ಚಿಕ್ಕಮ್ಮನೂ ಬದಲಾಪುರದಿಂದ ಹಟ ಹಿಡಿದು ಬಂದಿದ್ದರು. “ನನ್ನ ಹೆಸರಿಟ್ಟು ಮರ್ಯಾದೆ ತೆಗೆದದ್ದಲ್ವಾ, ಈಗ ಎಂಥ ಮಾಡಿದ್ದೀಯ ನೋಡ್ತೇನೆ,” ಎಂದು ಮುಂದಿನ ಕುರ್ಚಿಯಲ್ಲೇ ಕೂತರು.

ಭಾಊ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ಪೆಟ್ಟಿಗೆ ಬಿಚ್ಚುವ ಸದ್ದು, ಕೇಬಲ್ ಕೀಳುವ ಸದ್ದು, ಭಾಊ ನಗು. ಮೂರ್ತಿ ಸರ್ ಓಣಿಯಲ್ಲಿ ನಿಂತು ಮೈಸೂರಿನ ದೇವರನ್ನೆಲ್ಲ ನೆನೆಯುತ್ತಿದ್ದರು. ಕರೆದರು, ಒಳಗೆ ಹೋದೆವು. ರೈಟರುಗಳ ಮೂತಿಯ ಚೀಟಿಗಳ ಮೇಲೆ ಸುನಂದಾತಾಯಿ ಕಾಗದ ಮುಚ್ಚಿದ್ದರು.

“ಬದಲಾಪುರ ಮಾವ,” ಎಂದರು ಭಾಊ. ಸುನಂದಾತಾಯಿ ‘ಕರೆಯಿರಿ’ ಒತ್ತಿದರು. ಮೂರನೆಯ ಟ್ರೇ ಹೊರಬಂತು. ಕಾಗದ ಎತ್ತಿದರು: ಮಾವ! ಅತ್ತೆಯನ್ನು ಕರೆದರು, ಅತ್ತೆ. ಬಾವನನ್ನು ಕರೆದರು, ಬಾವ. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು.

“ಆತಾ, ಈಗ ಶಹಾಡ್ ಚಿಕ್ಕಮ್ಮ.”

ಒತ್ತಿದರು. ಏನೂ ಆಗಲಿಲ್ಲ.

ಮತ್ತೊಮ್ಮೆ ಒತ್ತಲು ಸುನಂದಾತಾಯಿ ಕೈಯೆತ್ತಿದರು. ಭಾಊ ಹುಬ್ಬು ಮೇಲೇರಿತು. ಮೂರ್ತಿ ಸರ್ ಕನ್ನಡಕ ತೆಗೆದರು. ನನಗೆ ಆ ಕಾಫಿಯ ಲೋಟವೇ ಕಣ್ಣಿಗೆ ಕಟ್ಟಿತು. ಪೆಟ್ಟಿಗೆಯೊಳಗಿಂದ ಕರಕರ ಎಂದು ಒಂದು ನರಳಾಟ ಕೇಳಿತು.

“ಸ್ವಲ್ಪ ತಡೀರಿ ಮಾರಾಯ್ರೇ,” ಎಂದರು ಕುರ್ಚಿಯಿಂದ ಚಿಕ್ಕಮ್ಮ. “ಪಾಪ, ಅದಕ್ಕೂ ನನ್ನ ಹಾಗೆ ಮಂಡಿನೋವು ಇರ್ಬೇಕು. ಏಳ್ತದೆ.”

ಎದ್ದಿತು. ನಿಧಾನವಾಗಿ, ಗೌರವದಿಂದ, ಎಲ್ಲಕ್ಕಿಂತ ಕೆಳಗಿನ ಟ್ರೇ ಹೊರಗೆ ಬಂತು, ಮೇಲೆ ಶುಭಾಳ ಮದುವೆಯ ಡಿಸ್ಕ್ ಮಿಂಚುತ್ತ. ಕಾಗದ ಎತ್ತುವ ಮೊದಲೇ ಸ್ಟುಡಿಯೋ ಚಪ್ಪಾಳೆಯಿಂದ ಒಡೆಯಿತು. ಭಾಊ ನನ್ನನ್ನು ಎತ್ತಿ ಹಿಡಿದುಬಿಟ್ಟರು. ಎತ್ತಿದ ರಭಸಕ್ಕೆ ನನ್ನ ತಲೆ ಪಂಖಾಕ್ಕೆ ತಾಗದೆ ಉಳಿದದ್ದು ಕಂಪನಿಯ ಎರಡನೆಯ ಅದೃಷ್ಟ. ಎಲ್ಲರಿಗೂ ವಡಾಪಾವ್ ಬಂತು. ಚಿಕ್ಕಮ್ಮ ಭಾಊಗೆ ಹೇಳಿದರು, “ಡಿಸ್ಕ್ ಚಂದ ಉಂಟು. ಆದ್ರೆ ನಮ್ಮ ಬೀಗಿತ್ತಿಗೆ ಆ ಮೊದಲಿನದ್ದು ಒಂದು ಕಾಪಿ ಬೇಕಂತೆ.” ನಾನು ಅನುವಾದಿಸಿ ಹೇಳುವಷ್ಟರಲ್ಲಿ ಭಾಊ ವಡಾ ನೆತ್ತಿಗೇರಿಸಿಕೊಂಡರು.

ಆ ಸೀಸನ್ನಿನಲ್ಲಿ ಅಂಬರನಾಥದಿಂದ ಠಾಣೆಯವರೆಗೆ ನಮ್ಮ ಸಾಫ್ಟ್‌ವೇರಿಗೆ ‘ನೆಂಟರದ್ದು’ ಎಂದೇ ಹೆಸರಾಯಿತು. ಒಬ್ಬ ನಾಲ್ಕು ತಂಗಿಯರ ಹೆಸರಿಟ್ಟ. ಇನ್ನೊಬ್ಬ ನಾಲ್ಕು ಮಿಠಾಯಿಗಳ ಹೆಸರಿಟ್ಟು, ಕೆಲಸಕ್ಕೆ ಕೂತಾಗಲೆಲ್ಲ ಹಸಿವಾಗುತ್ತದೆ ಎಂದು ನನಗೇ ಫೋನ್ ಮಾಡಿ ಜಗಳವಾಡಿದ. ತಪ್ಪು ಡಿಸ್ಕ್ ಹೋದ ದೂರು ಮಾತ್ರ ಮತ್ತೆ ಬರಲಿಲ್ಲ. ಮೂರ್ತಿ ಸರ್ ದೀಪಾವಳಿಗೆ ಮೈಸೂರಿಗೆ ಹೋಗಿ ಮಾವನ ಮುಂದೆ ಕೂತು ಎರಡು ಲೋಟ ಕಾಫಿ ಕುಡಿದು ಬಂದರು.

ಹೊಸದಾಗಿ ಸೇರುವ ಮಕ್ಕಳೇ, ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ವಸ್ತುವಿಗೆ ಹೆಸರಿಡುವ ಮೊದಲು ನಿಮ್ಮ ಮನೆಯವರು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ ಎಂದು ಕೇಳಿಸಿಕೊಳ್ಳಿ. ಉಳಿದದ್ದನ್ನು ಮೂರ್ತಿ ಸರ್ ಥರದವರು ಮಾಡಿಕೊಡುತ್ತಾರೆ.

ಡಿಸ್ಕಿನ ಕಾಲ ಮುಗಿಯಿತು. ನಾವು ಸೋತು ಮುಚ್ಚಲಿಲ್ಲ, ಕೆಲಸ ಮುಗಿಸಿ ಮುಚ್ಚಿದೆವು. ಭಾಊ ಟವರ್ ತೆಗೆಯುವ ದಿನ ನನಗೂ ಹೇಳಿ ಕಳಿಸಿದ್ದರು. ಸುನಂದಾತಾಯಿ ಕೊನೆಯ ಸಲ ಕರೆಂಟ್ ಕೊಟ್ಟು ಒಬ್ಬೊಬ್ಬರನ್ನೇ ಕರೆದರು. ನಾಲ್ಕೂ ಜನ ಬಂದರು. ಚಿಕ್ಕಮ್ಮ ಯಥಾಪ್ರಕಾರ ತಡವಾಗಿ, ಕರಕರ ಎನ್ನುತ್ತ. ಒಂದೊಂದು ಟ್ರೇ ಮೇಲೆ ಒಂದೊಂದು ಪೇಡೆ ಇಟ್ಟು, ನಮಗೂ ಕೊಟ್ಟರು.

ಗುಜರಿ ಸಾಮಾನಿನವನು ಪೆಟ್ಟಿಗೆಯನ್ನು ಒಂದೇ ಏಟಿಗೆ ಹೆಗಲಿಗೇರಿಸಿ ಮೆಟ್ಟಿಲು ಇಳಿಯತೊಡಗಿದ. ಹಿಂದಿನಿಂದ ಭಾಊ ಗದರಿದರು:

“ಅರೇ, ಮೆಲ್ಲಗೆ! ಮಾವಶಿಗೆ ಮಂಡಿನೋವಿದೆ!”

ಅವನು ಗಾಬರಿಯಾಗಿ ನಿಂತು, ಯಾರಿಗೋ ದಾರಿ ಬಿಡುವವನಂತೆ ಗೋಡೆಗೆ ಸರಿದ.